ಎಸಿ ಓಡುತ್ತಿದೆ, ಸೆಕೆ ಮಾತ್ರ ಹೋಗುತ್ತಿಲ್ಲವೇ? ಕರಾವಳಿ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೂ ಒಂದೇ ದೂರು. "ಎಸಿ ಓಡ್ತಾ ಇದೆ, ತಣ್ಣಗೇ ಆಗ್ತಿಲ್ಲ. ಹೋದ ವರ್ಷ ತುಂಬಿಸಿದ ಗ್ಯಾಸ್ ಖಾಲಿಯಾಗಿರಬೇಕು." ಮೆಕ್ಯಾನಿಕ್ ಬರುತ್ತಾರೆ, ಗ್ಯಾಸ್ ಹಾಕುತ್ತಾರೆ, ನಾಲ್ಕು ದಿನ ಪರವಾಗಿಲ್ಲ ಅನಿಸುತ್ತದೆ. ಆಮೇಲೆ ಮತ್ತೆ ಅದೇ ಬೆವರು.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಗ್ಯಾಸ್ ಎಲ್ಲಕ್ಕಿಂತ ಕೊನೆಗೆ ನೋಡಬೇಕಾದದ್ದು. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ನಮ್ಮ ಕರಾವಳಿಯಲ್ಲಿ ಎಸಿಯನ್ನು ಸೋಲಿಸುವುದು ಹೆಚ್ಚಾಗಿ ಎರಡು ಸಂಗತಿ: ಹೊರಗಿನ ಯೂನಿಟ್ಟಿಗೆ ಕೂರುವ ಉಪ್ಪು, ಕೋಣೆಯೊಳಗೆ ನುಗ್ಗುವ ತೇವ. ಇವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೆ ದುಡ್ಡು ಹೋಗುತ್ತದೆ, ಸೆಕೆ ಹೋಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮಧ್ಯದಲ್ಲಿ ಒಂದನ್ನು ಹಾರಿಸಿದರೆ ಮುಂದಿನ ಪರೀಕ್ಷೆಯ ಫಲಿತಾಂಶ ತಪ್ಪು ದಾರಿ ತೋರಿಸುತ್ತದೆ.

ಬೇಕಾಗುವ ಸಾಮಾನು

ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು (ಜ್ವರ ನೋಡುವುದಲ್ಲ, ಗಾಳಿಯ ಬಿಸಿ ಅಳೆಯುವುದು), ಮೆತ್ತನೆಯ ಬ್ರಷ್, ಟಾರ್ಚ್, ಬಕೆಟ್, ಒಂದು ಲೀಟರಿನ ಅಳತೆಪಾತ್ರೆ, ಸ್ಕ್ರೂಡ್ರೈವರ್, ತೋಟಕ್ಕೆ ನೀರು ಬಿಡುವ ಪೈಪು, ಸಿಹಿನೀರು. ಸಿಹಿನೀರು ಎಂದು ಒತ್ತಿ ಹೇಳಿದ್ದು ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಬರುತ್ತದೆ.

ಏನು ಬಿಚ್ಚುವುದಿದ್ದರೂ ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ (ಎಸಿಗೆ ಹೋಗುವ ಕರೆಂಟನ್ನು ಪೂರ್ತಿ ಕಡಿಯುವ, ಬೋರ್ಡಿನಲ್ಲಿರುವ ಸ್ವಿಚ್ಚು) ಕೆಳಗಿಳಿಸಿ. ಮನೆಯಲ್ಲಿ ಉಳಿದವರಿಗೂ ಹೇಳಿಡಿ, ಯಾರಾದರೂ ಗೊತ್ತಿಲ್ಲದೆ ಮೇಲೆ ಮಾಡಿಬಿಟ್ಟರೆ ಅಪಾಯ.

ಹಂತ 1: ಫಿಲ್ಟರ್ ತೊಳೆಯಿರಿ

ಇನ್‌ಡೋರ್ ಯೂನಿಟ್ಟಿನ ಮುಂದಿನ ಮುಚ್ಚಳ ಎತ್ತಿ, ಬಲೆಯಂಥ ಫಿಲ್ಟರ್ ಹೊರಗೆ ಎಳೆಯಿರಿ. ಧೂಳು ಕೂತ ಬದಿಯಿಂದಲ್ಲ, ಹಿಂಬದಿಯಿಂದ ನಲ್ಲಿ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಧೂಳು ಬಲೆಯ ಕಣ್ಣಿನಲ್ಲೇ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯ ಹತ್ತಿರದ ಕೋಣೆಯಾದರೆ ಒಗ್ಗರಣೆಯ ಜಿಡ್ಡು ಇರುತ್ತದೆ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸಾಕು. ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಿ. ಮಳೆಗಾಲದಲ್ಲಿ ಒದ್ದೆ ಫಿಲ್ಟರ್ ಹಾಕಿದರೆ ಬೂಷ್ಟು ಹಿಡಿಯುತ್ತದೆ. ದಿನಾ ಓಡಿಸುವವರು ಎರಡು ವಾರಕ್ಕೊಮ್ಮೆ ತೊಳೆಯಬೇಕು.

ಹಂತ 2: ಅಳೆಯಿರಿ, ಆಮೇಲೆ ತೀರ್ಮಾನ ಮಾಡಿ

ಫಿಲ್ಟರ್ ಕಟ್ಟಿಕೊಂಡಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಕಡಿಮೆ ಗಾಳಿ ಕಾಯಿಲ್ (ಗ್ಯಾಸ್ ಸುತ್ತುವ, ರೆಕ್ಕೆಗಳಿರುವ ಕೊಳವೆ ಸಾಲು) ಮೇಲೆ ನಿಧಾನವಾಗಿ ಹೋಗಿ ಜಾಸ್ತಿ ತಣ್ಣಗಾಗಿ ಬರುತ್ತದೆ, ಯಂತ್ರ ಚೆನ್ನಾಗಿದೆ ಎಂದು ಸುಳ್ಳು ಭರವಸೆ ಕೊಡುತ್ತದೆ. ಅದಕ್ಕೇ ಫಿಲ್ಟರ್ ಮೊದಲು, ಅಳತೆ ಆಮೇಲೆ.

ಬಾಗಿಲು ಕಿಟಕಿ ಮುಚ್ಚಿ. ರಿಮೋಟಿನಲ್ಲಿ ಕೂಲ್ ಮೋಡ್, 16 ಡಿಗ್ರಿ, ಫ್ಯಾನ್ ಪೂರ್ತಿ ಜೋರು. ಇದು ಪರೀಕ್ಷೆಗೆ ಮಾತ್ರ. ಇನ್ವರ್ಟರ್ ಎಸಿ (ಬೇಕಾದಂತೆ ತನ್ನ ವೇಗ ಏರಿಸಿ ಇಳಿಸುವಂಥದ್ದು) ಪೂರ್ಣ ಶಕ್ತಿಯಲ್ಲಿ ಓಡಬೇಕಾದರೆ ಹೀಗೇ ಮಾಡಬೇಕು. 20 ನಿಮಿಷ ಬಿಟ್ಟು ಥರ್ಮಾಮೀಟರನ್ನು ಮೊದಲು ಯೂನಿಟ್ಟಿನ ಮೇಲ್ಗಡೆ, ಗಾಳಿ ಒಳಗೆ ಹೋಗುವಲ್ಲಿ ಹಿಡಿಯಿರಿ. ಆಮೇಲೆ ಕೆಳಗೆ, ತಣ್ಣನೆಯ ಗಾಳಿ ಬರುವಲ್ಲಿ. ಎರಡರ ವ್ಯತ್ಯಾಸ ಬರೆದಿಡಿ.

8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ತೀರಾ ಸೆಕೆಯ ಸಂಜೆ 7 ಬಂದರೂ ಗಾಬರಿ ಬೇಡ, ಆಗ ಶಕ್ತಿಯ ದೊಡ್ಡ ಪಾಲು ಗಾಳಿಯ ನೀರು ಇಳಿಸುವುದಕ್ಕೆ ಹೋಗುತ್ತಿರುತ್ತದೆ.

ಈಗ ದಾರಿ ಮೂರಾಗುತ್ತದೆ. ವ್ಯತ್ಯಾಸ ಚೆನ್ನಾಗಿದೆ, ಗಾಳಿಯೂ ಜೋರಾಗಿದೆ, ಆದರೂ ಕೋಣೆ ತಣಿಯುತ್ತಿಲ್ಲ ಅಂದರೆ ತೊಂದರೆ ಕೋಣೆಯದ್ದು, ಹಂತ 5 ನಿಮಗೆ ಮುಖ್ಯ. ವ್ಯತ್ಯಾಸ ಚೆನ್ನಾಗಿದ್ದು ಗಾಳಿ ಸಪ್ಪೆಯಾಗಿದ್ದರೆ ಒಳಗಿನ ಕಾಯಿಲ್ ಇಲ್ಲವೇ ಬ್ಲೋವರ್ (ಗಾಳಿ ತಳ್ಳುವ ಚಕ್ರ) ಕೊಳೆಯಾಗಿದೆ, ಹಂತ 3. ವ್ಯತ್ಯಾಸವೇ 6ಕ್ಕಿಂತ ಕಡಿಮೆ ಅಂದರೆ ಹಂತ 4, 7, ಕೊನೆಗೆ 8. ಉಳಿದ ಹಂತಗಳನ್ನೂ ಓದಿ, ಆದರೆ ಮೊದಲ ಗಮನ ಅಲ್ಲಿರಲಿ.

ಹಂತ 3: ಒಳಗಿನ ಕಾಯಿಲ್, ಬ್ಲೋವರ್, ನೀರಿನ ಪೈಪು

ಫಿಲ್ಟರ್ ತೆಗೆದ ಜಾಗಕ್ಕೆ ಟಾರ್ಚ್ ಬಿಡಿ. ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಕಾಣುತ್ತದೆ. ಅವುಗಳ ನಡುವೆ ಬೂದು ಬಣ್ಣದ ಹತ್ತಿಯಂಥದ್ದು ಕೂತಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಅಡ್ಡ ಉಜ್ಜಿದರೆ ರೆಕ್ಕೆ ಮಡಚುತ್ತದೆ, ಮಡಚಿದ ಕಡೆ ಗಾಳಿ ನುಗ್ಗುವುದಿಲ್ಲ.

ಗಾಳಿ ಹೊರಬರುವ ಸಂದಿಯಲ್ಲಿ ಬ್ಲೋವರ್ ಚಕ್ರ ಕಾಣುತ್ತದೆ. ಅದರ ಎಲೆಗಳ ಮೇಲೆ ಕಪ್ಪು ಪದರ ಇದ್ದರೆ ಅದು ಬೂಷ್ಟು, ನಮ್ಮ ತೇವದಲ್ಲಿ ತೀರಾ ಸಾಮಾನ್ಯ. ಇದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಲು ಆಗುವುದಿಲ್ಲ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಹತ್ತಿರ ಚೀಲ ಕಟ್ಟಿ ನೀರಿನಲ್ಲಿ ತೊಳೆಸುವ ಸರ್ವಿಸ್ ಮಾಡಿಸಿ. ಸುಮ್ನೆ ಫಿಲ್ಟರ್ ಕೊಡವಿ ಹೋಗುವ ಸರ್ವಿಸ್‌ಗೆ ದುಡ್ಡು ಕೊಡಬೇಡಿ.

ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ತಕ್ಷಣ ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಪೂರ್ತಿ ಕರಗಲಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲೇಬೇಡಿ. ಒಂದು ತೂತು ಬಿದ್ದರೆ ಕಾಯಿಲೇ ಹೋಯಿತು. ಗಾಳಿ ಕಟ್ಟಿಕೊಂಡರೂ ಮಂಜು ಕಟ್ಟುತ್ತದೆ, ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ತೊಳೆದ ಮೇಲೂ ಮತ್ತೆ ಕಟ್ಟಿದರೆ ಮಾತ್ರ ಗ್ಯಾಸಿನ ಮೇಲೆ ಅನುಮಾನ ಪಡಿ.

ಇನ್ನು ಬಕೆಟ್ ಪರೀಕ್ಷೆ. ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹೊರಗೆ ನೀರು ಬೀಳುವ ಪೈಪಿನ ಕೆಳಗೆ ಬಕೆಟ್ ಇಡಿ. ಎಸಿ ಹಾಕಿದ ಮೊದಲ ಗಂಟೆಯಲ್ಲಿ ಎಷ್ಟು ನೀರು ಬಿತ್ತು, ಮೂರನೇ ಗಂಟೆಯಲ್ಲಿ ಎಷ್ಟು, ಅಳತೆಪಾತ್ರೆಯಲ್ಲಿ ನೋಡಿ. ಶುರುವಿಗೆ ಜಾಸ್ತಿ ಬಿದ್ದು ಆಮೇಲೆ ಇಳಿದರೆ ಕೋಣೆ ಒಣಗುತ್ತಿದೆ. ಮೂರನೇ ಗಂಟೆಯಲ್ಲೂ ಅಷ್ಟೇ ನೀರು ಸುರಿಯುತ್ತಿದ್ದರೆ ಹೊರಗಿನ ತೇವದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಲೇ ಇದೆ.

ಇದರ ಲೆಕ್ಕ ಗೊತ್ತಿರಲಿ. ಒಂದು ಲೀಟರ್ ನೀರನ್ನು ಗಾಳಿಯಿಂದ ಇಳಿಸಲು ಎಸಿ ಸುಮಾರು 0.7 ಯೂನಿಟ್ಟಿನಷ್ಟು (ಇಲ್ಲಿ ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಯೂನಿಟ್, ಒಂದು ಕಿಲೋವ್ಯಾಟ್-ಗಂಟೆ) ಶಾಖ ಹೊರಹಾಕಬೇಕು. ಒಂದೂವರೆ ಟನ್ನಿನ ಎಸಿ ಗಂಟೆಗೆ ಹೊರಹಾಕಬಲ್ಲದ್ದು ಸುಮಾರು 5.3 ಯೂನಿಟ್ ಶಾಖ. ಗಂಟೆಗೆ ಎರಡು ಲೀಟರ್ ನೀರು ಬೀಳುತ್ತಿದ್ದರೆ ಎಸಿಯ ಕಾಲುಭಾಗ ಶಕ್ತಿ ನೀರಿಗೇ ಹೋಯಿತು. ಥರ್ಮಾಮೀಟರಿನಲ್ಲಿ ಕಾಣುವ ತಂಪಿಗೆ ಉಳಿದದ್ದು ಮುಕ್ಕಾಲು.

ಹೊರಗೆ ಹನಿಯೇ ಇಲ್ಲ, ಒಳಗೆ ಗೋಡೆ ಮೇಲೆ ನೀರು ಇಳಿಯುತ್ತಿದೆ ಅಂದರೆ ಪೈಪು ಕಟ್ಟಿದೆ ಇಲ್ಲವೇ ಅದರ ಇಳಿಜಾರು ಸರಿ ಇಲ್ಲ. ಪಾಚಿ ಕಟ್ಟುವುದು, ಇರುವೆ ಗೂಡು ಮಾಡುವುದು ಮಾಮೂಲು. ಪೈಪಿನ ತುದಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿಡಬೇಡಿ, ಹಾಗೆ ಮಾಡಿದರೆ ನೀರು ಸರಾಗವಾಗಿ ಇಳಿಯುವುದಿಲ್ಲ.

ಹಂತ 4: ಹೊರಗಿನ ಯೂನಿಟ್ ಮತ್ತು ಉಪ್ಪು

ಕೋಣೆಯ ಶಾಖ ಹೊರಗೆ ಹೋಗುವುದು ಇಲ್ಲಿಂದಲೇ. ಇದು ಉಸಿರಾಡದಿದ್ದರೆ ಒಳಗೆ ಏನು ಮಾಡಿದರೂ ಅಷ್ಟೇ.

ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ಸಣ್ಣ ಹನಿಗಳಿರುತ್ತವೆ. ಕಾಯಿಲಿನ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ತಾಗಿರುವಲ್ಲಿ ಉಪ್ಪು ಮತ್ತು ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ರೆಕ್ಕೆಗೂ ಕೊಳವೆಗೂ ಸಂಪರ್ಕ ತಪ್ಪಿದ ಮೇಲೆ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಿರುವಂತೆ ಕಾಣಬಹುದು. ಎಂಸಿಬಿ ಇಳಿಸಿ, ರೆಕ್ಕೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ತಾಗಿಸಿ ನೋಡಿ. ಬಿಳಿ ಪುಡಿ ಬೆರಳಿಗೆ ಅಂಟಿದರೆ ಉಪ್ಪು ಕೆಲಸ ಶುರು ಮಾಡಿದೆ. ರೆಕ್ಕೆಯೇ ಪುಡಿಯಾಗಿ ಉದುರಿದರೆ ತೊಳೆದು ಪ್ರಯೋಜನವಿಲ್ಲ, ಕಾಯಿಲ್ ಬದಲಿಸಬೇಕು.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಮಳೆಗೆ ಹಾಳಾಗುತ್ತದೆ ಎಂದು ಯೂನಿಟ್ಟಿಗೆ ತಾಡಪಾಲು ಸುತ್ತುವುದು, ಸುತ್ತಲೂ ತಗಡು ಹೊಡೆಯುವುದು. ಔಟ್‌ಡೋರ್ ಯೂನಿಟ್ ಮಳೆಯಲ್ಲಿ ನೆನೆಯಲೆಂದೇ ಮಾಡಿದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ನಮ್ಮ ಮಳೆ ಅದರ ಉಪ್ಪನ್ನು ಬಿಟ್ಟಿಯಾಗಿ ತೊಳೆದುಕೊಡುತ್ತದೆ. ಮಾಡಿನ ಕೆಳಗೆ, ಮಳೆ ತಾಗದ ಮೂಲೆಯಲ್ಲಿರುವ ಯೂನಿಟ್ಟಿಗೇ ಉಪ್ಪು ಜಾಸ್ತಿ ಕೂರುತ್ತದೆ. ತಾಡಪಾಲಿನೊಳಗೆ ಉಪ್ಪೂ ತೇವವೂ ಒಟ್ಟಿಗೆ ಉಳಿಯುತ್ತವೆ. ಎಸಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಅಂದರೆ ನೀವು ತೊಳೆಯಬೇಕಾದದ್ದು ಮಳೆ ಇಲ್ಲದ ತಿಂಗಳುಗಳಲ್ಲಿ, ಅಕ್ಟೋಬರಿನಿಂದ ಮೇವರೆಗೆ. ಕಡಲು ಕಾಣುವಷ್ಟು ಹತ್ತಿರದ ಮನೆಯಾದರೆ ತಿಂಗಳಿಗೊಮ್ಮೆ. ಒಳನಾಡಿನ ಕಡೆ ಎರಡು ಮೂರು ತಿಂಗಳಿಗೊಮ್ಮೆ ಸಾಕು.

ತೊಳೆಯುವ ಕ್ರಮ ಹೀಗೆ:

1. ಎಂಸಿಬಿ ಇಳಿಸಿ ಹತ್ತು ನಿಮಿಷ ಕಾಯಿರಿ. ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಆಫ್ ಆದ ಮೇಲೂ ಶಾಕ್ ಕೊಡುವಷ್ಟು ಶಕ್ತಿ ಉಳಿದಿರಬಹುದು. ವೈರಿಂಗ್ ಇರುವ ಬದಿಯ ಮುಚ್ಚಳ ನೀವು ಬಿಚ್ಚಲೇಬೇಡಿ.

2. ಹಿಂಬದಿಯಲ್ಲಿ ಸಿಕ್ಕಿಕೊಂಡ ತರಗೆಲೆ, ಪ್ಲಾಸ್ಟಿಕ್, ಜೇಡರ ಬಲೆ ಕೈಯಿಂದ ತೆಗೆಯಿರಿ.

3. ಪೈಪಿನಿಂದ ಸಾಧಾರಣ ಒತ್ತಡದಲ್ಲಿ, ರೆಕ್ಕೆಗೆ ನೇರವಾಗಿ, ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಓರೆಯಾಗಿ ಬಿಡಬೇಡಿ. ಬೈಕ್ ತೊಳೆಯುವ ಪ್ರೆಷರ್ ವಾಷರ್ ಬೇಡವೇ ಬೇಡ, ರೆಕ್ಕೆಗಳನ್ನೆಲ್ಲ ಮಲಗಿಸಿಬಿಡುತ್ತದೆ.

4. ಕೆಳಗೆ ಇಳಿಯುವ ನೀರು ತಿಳಿಯಾಗುವವರೆಗೆ ಬಿಡಿ. ಒಂದು ಗಂಟೆ ಒಣಗಲು ಬಿಟ್ಟು ಎಂಸಿಬಿ ಹಾಕಿ.

ನೀರಿನ ವಿಷಯ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಅಕ್ಕಪಕ್ಕದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದು ಅಲ್ಲಿನವರಿಗೆ ಗೊತ್ತೇ ಇದೆ. ಆ ನೀರಿನಲ್ಲಿ ಕಾಯಿಲ್ ತೊಳೆದರೆ ಉಪ್ಪು ತೆಗೆದಂತಲ್ಲ, ಹೊಸದಾಗಿ ಬಳಿದಂತೆ. ನಾಲಿಗೆಗೆ ಉಪ್ಪು ತಾಗುವ ನೀರಾದರೆ ನಲ್ಲಿಯ ಸಿಹಿನೀರು ಹಿಡಿದಿಟ್ಟು ಬಳಸಿ. ಬಕೆಟ್ ಪರೀಕ್ಷೆಯಲ್ಲಿ ಸಿಕ್ಕ ಎಸಿ ನೀರಿನಲ್ಲೂ ಉಪ್ಪಿರುವುದಿಲ್ಲ. ಅದನ್ನು ಬಟ್ಟೆಯಲ್ಲಿ ಸೋಸಿ ಕೊನೆಯ ಸುತ್ತಿಗೆ ಸುರಿದರೆ ಒಳ್ಳೆಯದೇ. ಆಸಿಡ್ ಇರುವ ಕ್ಲೀನರ್, ರೆಕ್ಕೆಗೆ ಪೇಂಟ್, ಎಣ್ಣೆ ಇವು ಯಾವುದೂ ಬೇಡ.

ಜಾಗವನ್ನೂ ನೋಡಿ. ಯೂನಿಟ್ಟಿನ ಹಿಂದೆ ಗೋಡೆಗೆ ಒಂದು ಅಡಿಯಾದರೂ ಬಿಡುವಿರಲಿ, ಮುಂದೆ ಗಾಳಿ ಹೋಗಲು ತೆರೆದ ಜಾಗ ಇರಲಿ. ಮುಚ್ಚಿದ ಬಾಲ್ಕನಿಯಲ್ಲಿಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊಸದಾಗಿ ಕೂರಿಸುವವರು ಕಡಲಿಗೆ ಮುಖ ಮಾಡಿದ ಪಶ್ಚಿಮದ ಗೋಡೆ ಬಿಟ್ಟು ಬೇರೆ ಗೋಡೆ ಹುಡುಕಿ. ಅಲ್ಲಿ ಎದುರುಗಾಳಿಗೆ ಫ್ಯಾನ್ ಹೆಣಗುತ್ತದೆ, ಉಪ್ಪೂ ನೇರವಾಗಿ ಬಡಿಯುತ್ತದೆ, ಸಂಜೆ ಬಿಸಿಲೂ ಅಲ್ಲೇ.

ಗೋಡೆಗೆ ಹಾಕಿದ ಸ್ಟ್ಯಾಂಡ್ ಮತ್ತು ಬೋಲ್ಟುಗಳನ್ನು ವರ್ಷಕ್ಕೊಮ್ಮೆ ನೋಡಲೇಬೇಕು. ಮಾಮೂಲು ಕಬ್ಬಿಣದ ಸ್ಟ್ಯಾಂಡ್ ಪೇಂಟಿನೊಳಗೇ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತದೆ. ಕೆಳಗೆ ಮಕ್ಕಳು ಓಡಾಡುವ ಅಂಗಳವಿದ್ದರೆ ನಾಳೆ ನೋಡೋಣ ಅನ್ನಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಚೆನ್ನಾಗಿ ಗ್ಯಾಲ್ವನೈಸ್ ಮಾಡಿದ ಸ್ಟ್ಯಾಂಡ್ ಹಾಕಿಸಿ. ಎರಡನೇ ಮಹಡಿಯ ಯೂನಿಟ್ ತೊಳೆಯಲು ಕಿಟಕಿಯಿಂದ ಬಗ್ಗುವುದೂ ಬೇಡ, ಬೆಲ್ಟ್ ಹಾಕಿಕೊಂಡು ಕೆಲಸ ಮಾಡುವವರನ್ನು ಕರೆಸಿ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ. ಘಟ್ಟದ ಮೇಲೆ ಎಸಿ ಬೇಸಿಗೆಯ ಕೆಲವು ವಾರ ಮಾತ್ರ ಓಡಿ ಉಳಿದ ತಿಂಗಳು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಹಲ್ಲಿ, ಇರುವೆ, ಇಲಿ ಹೊರಗಿನ ಯೂನಿಟ್ಟಿನಲ್ಲಿ ಮನೆ ಮಾಡುತ್ತವೆ. ಹಲ್ಲಿ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಸತ್ತರೆ ಬೋರ್ಡೇ ಸುಟ್ಟುಹೋಗಬಹುದು. ಮಾರ್ಚಿನಲ್ಲಿ ಮೊದಲ ಸಲ ಹಾಕುವ ಮುಂಚೆ ಮೆಕ್ಯಾನಿಕ್ ಹತ್ತಿರ ಒಮ್ಮೆ ಒಳಗೆ ನೋಡಿಸಿ.

ಹಂತ 5: ಕೋಣೆಯ ತೂತುಗಳು

ಒಂದು ಊದುಬತ್ತಿ ಹಚ್ಚಿ ಬಾಗಿಲ ಸಂದಿ, ಕಿಟಕಿ ಚೌಕಟ್ಟು, ಎಸಿ ಪೈಪ್ ಹೋದ ತೂತು, ಹಳೆಯ ಎಕ್ಸಾಸ್ಟ್ ಫ್ಯಾನಿನ ಬಾಯಿ, ಸ್ನಾನದ ಮನೆಯ ಬಾಗಿಲು ಇವುಗಳ ಹತ್ತಿರ ಹಿಡಿಯಿರಿ. ಹೊಗೆ ಅಲುಗಿದಲ್ಲೆಲ್ಲ ತೇವದ ಗಾಳಿ ಬರುತ್ತಿದೆ. ಬಾಗಿಲ ಅಡಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಫೋಮ್ ಪಟ್ಟಿ, ಪೈಪಿನ ತೂತಿಗೆ ಪುಟ್ಟಿ. ಖರ್ಚು ತೀರಾ ಕಡಿಮೆ, ಫಲ ಮಾತ್ರ ಬಕೆಟ್ಟಿನಲ್ಲೇ ಕಾಣುತ್ತದೆ.

ಹಂಚಿನ ಮಾಡಿನ ಕೋಣೆಗೆ ಸೀಲಿಂಗ್ ಇಲ್ಲದೆ ಎಸಿ ಹಾಕಿಸಿದವರು ಬಹಳ ಜನ ಇದ್ದಾರೆ. ಹಂಚಿನ ಸಂದಿಗಳೆಲ್ಲ ಗಾಳಿಗೆ ದಾರಿ. ಎರಡು ಟನ್ ಹಾಕಿದರೂ ಅಲ್ಲಿ ಸೋಲುತ್ತದೆ. ಮೊದಲು ಸಂದಿಯಿಲ್ಲದಂತೆ ಸೀಲಿಂಗ್ ಮಾಡಿಸಿ, ಆಮೇಲೆ ಎಸಿ. ತಾರಸಿ ಮನೆಯ ಮೇಲಿನ ಮಹಡಿಯಾದರೆ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಒಳಗೆ ಬಿಸಿ ಬಿಡುತ್ತದೆ. ತಾರಸಿಗೆ ಬಿಸಿಲು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಯಿರಿ, ಇಲ್ಲವೇ ಮೇಲೆ ಗಾಳಿಯಾಡುವಂತೆ ಶೀಟ್ ಹಾಕಿಸಿ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಎಸಿ ಕೋಣೆಯಲ್ಲಿ ಬಟ್ಟೆ ಒಣಗಿಸುವವರಿಗೆ ಒಂದು ಮಾತು. ಬಟ್ಟೆ ಒಣಗುತ್ತದೆ ನಿಜ. ಅದರ ಅಷ್ಟೂ ನೀರನ್ನು ಎಸಿ ಇಳಿಸಬೇಕು, ಆ ಹೊತ್ತಿನಲ್ಲಿ ತಂಪು ನಿರೀಕ್ಷಿಸಬೇಡಿ.

ಹಂತ 6: ರಿಮೋಟ್

ಹಳೆಯ ಮಾದರಿಯ (ಇನ್ವರ್ಟರ್ ಅಲ್ಲದ) ಎಸಿಯಲ್ಲಿ 18ಕ್ಕೆ ಇಟ್ಟರೆ ಬೇಗ ತಣ್ಣಗಾಗುವುದಿಲ್ಲ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ) ನಿಲ್ಲದೆ ಓಡುತ್ತದೆ ಅಷ್ಟೇ. 2020ರಿಂದ ಸ್ಟಾರ್ ಗುರುತಿನ ಹೊಸ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ನಮ್ಮಲ್ಲಿ 25 ಅಥವಾ 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿ. ತೇವ ಇಳಿದರೆ 26 ಕೂಡ ಹಿತವಾಗಿರುತ್ತದೆ.

ಜೂನ್ ಜುಲೈಯಲ್ಲಿ ಬಿಸಿ ಜಾಸ್ತಿ ಇಲ್ಲ, ಆದರೆ ಮೈ ಅಂಟುತ್ತದೆ, ಅಲ್ವಾ? ಆಗ ಡ್ರೈ ಮೋಡ್ ಬಳಸಿ. ಎಸಿಯ ಫ್ಯಾನ್ ವೇಗ ಕಡಿಮೆಯಾದಷ್ಟೂ ಗಾಳಿ ಹೆಚ್ಚು ಒಣಗಿ ಬರುತ್ತದೆ. ಬೆಳಿಗ್ಗೆ ಕೋಣೆ ಬಿಡುವಾಗ ಫ್ಯಾನ್ ಮೋಡಿನಲ್ಲಿ 20 ನಿಮಿಷ ಓಡಿಸಿದರೆ ಕಾಯಿಲ್ ಒಣಗಿ ವಾಸನೆ ಬರುವುದಿಲ್ಲ. ಮಲಗಿರುವಾಗ ಹಾಗೆ ಮಾಡಬೇಡಿ, ಕಾಯಿಲಿನ ನೀರು ಮತ್ತೆ ಕೋಣೆಗೇ ಸೇರುತ್ತದೆ.

ಹಂತ 7: ಕರೆಂಟ್

ಹಗಲು ಸರಿ, ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ತಣ್ಣಗಾಗುವುದಿಲ್ಲ ಎಂದಾದರೆ ವೋಲ್ಟೇಜ್ ನೋಡಿ. ಇರಬೇಕಾದದ್ದು 230. ಸ್ಟೆಬಿಲೈಜರಿನ ಒಳಬರುವ ವೋಲ್ಟೇಜ್ 200ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಹಳೆಯ ಮಾದರಿಯ ಕಂಪ್ರೆಸರ್ ಹೆಣಗುತ್ತದೆ. ಓಣಿಯ ಎಲ್ಲರಿಗೂ ಹಾಗಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನ ಸಹಾಯವಾಣಿ 1912ಕ್ಕೆ ತಿಳಿಸಿ. ನಿಮ್ಮ ಮನೆಗೆ ಮಾತ್ರ ಅಂದರೆ ವೈರಿಂಗ್ ನೋಡಿಸಿ. ಒಂದೂವರೆ ಟನ್ನಿಗೆ ಸಾಮಾನ್ಯವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕುತ್ತಾರೆ.

ಪ್ಲಗ್ ಕೈಗೆ ಬಿಸಿ ತಾಗಿದರೆ, ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ, ಎಂಸಿಬಿ ಮತ್ತೆ ಮತ್ತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ ಎಂಸಿಬಿ ಹಾಕಿಸುವುದು ಪರಿಹಾರ ಅಲ್ಲ, ಬೆಂಕಿಗೆ ದಾರಿ. ಉಪ್ಪುಗಾಳಿಯಲ್ಲಿ ಹೊರಗಿನ ಯೂನಿಟ್ಟಿನ ಟರ್ಮಿನಲ್ಲುಗಳು ಕಿಲುಬು ಹಿಡಿದು ಸಡಿಲವಾಗುತ್ತವೆ. ಸರ್ವಿಸ್ ಮಾಡಿಸುವಾಗ ಅವನ್ನು ಬಿಗಿ ಮಾಡಲು ಹೇಳಿ, ಅರ್ಥಿಂಗ್ ಕೂಡ ನೋಡಿಸಿ.

ಹಂತ 8: ಕೊನೆಗೆ ಗ್ಯಾಸ್

ಎಲ್ಲ ಮಾಡಿ ಮತ್ತೆ ಅಳೆದಿರಿ, ವ್ಯತ್ಯಾಸ ಇನ್ನೂ 6ಕ್ಕಿಂತ ಕಡಿಮೆ. ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ಮೇಲೆ ಮಂಜು ಕಟ್ಟಿದೆ, ನಟ್ಟಿನ ಹತ್ತಿರ ಎಣ್ಣೆಯ ಕಲೆ ಇದೆ, ಒಳಗಿನ ಕಾಯಿಲ್ ಅರ್ಧ ತಣ್ಣಗಿದ್ದು ಅರ್ಧ ಬೆಚ್ಚಗಿದೆ. ಇವು ಸೋರಿಕೆಯ ಗುರುತು. ಈಗ ಮೆಕ್ಯಾನಿಕ್ ಬರಲಿ, ಆದರೆ "ಸ್ವಲ್ಪ ಗ್ಯಾಸ್ ಹಾಕಿ" ಎನ್ನಬೇಡಿ. "ಲೀಕ್ ಎಲ್ಲಿದೆ, ಮೊದಲು ತೋರಿಸಿ ಮಾರಾಯ್ರೆ" ಎನ್ನಿ.

ನಡೆಯಬೇಕಾದ ಕ್ರಮ ಇದು. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡುವುದು, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುವುದು, ಅದನ್ನು ಮುಚ್ಚುವುದು, ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ ಮತ್ತು ತೇವ ಪೂರ್ತಿ ಎಳೆಯುವುದು, ಆಮೇಲೆ ಯೂನಿಟ್ಟಿನ ಫಲಕದಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ಹಾಕುವುದು.

ವ್ಯಾಕ್ಯೂಮ್ ಬಿಟ್ಟು, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳುವವರಿದ್ದಾರೆ. ನಮ್ಮ ಕಡೆ ಅದು ಇನ್ನೂ ಕೆಟ್ಟದ್ದು. ಪೈಪಿನೊಳಗೆ ಉಳಿದ ಗಾಳಿಯ ತೇವ ಕಂಪ್ರೆಸರಿನ ಎಣ್ಣೆಗೆ ಸೇರಿ ಅದನ್ನು ಆಮ್ಲ ಮಾಡುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ದೇವರ ದೀಪ, ಊದುಬತ್ತಿ, ಒಲೆ ಆರಿಸಿರಲಿ.

ಸೋರುತ್ತಿರುವುದು ಪೈಪಿನ ನಟ್ಟಿನಲ್ಲಾದರೆ ಸಣ್ಣ ಕೆಲಸ. ಹೊರಗಿನ ಕಾಯಿಲೇ ಉಪ್ಪಿಗೆ ತೂತಾಗಿದ್ದರೆ ಒಂದು ಕಡೆ ಬೆಸುಗೆ ಹಾಕಿದ ಮೇಲೆ ಇನ್ನೊಂದು ಕಡೆ ಸೋರುವುದು ಸಾಮಾನ್ಯ. ಆಗ ಹೊಸ ಕಾಯಿಲಿನ ಬೆಲೆ ಎಷ್ಟು, ಕಂಪ್ರೆಸರಿಗೆ ವಾರಂಟಿ ಉಳಿದಿದೆಯೇ ಎಂದು ಮೊದಲು ಕೇಳಿ. ಕಾಯಿಲಿಗಾಗಲಿ ಹೊಸ ಎಸಿಗಾಗಲಿ ದುಡ್ಡು ಹಾಕುವುದಾದರೆ ರೆಕ್ಕೆಗಳ ಮೇಲೆ ತುಕ್ಕು ತಡೆಯುವ ಲೇಪ ಇರುವುದನ್ನೇ ಕೇಳಿ ತರಿಸಿ, ಕೂರಿಸಿದ ದಿನದ ಅಳತೆಯನ್ನು ಬಿಲ್ಲಿನ ಹಿಂದೆ ಬರೆದಿಡಿ. ಮುಂದಿನ ಏಪ್ರಿಲಿನಲ್ಲಿ ಹೋಲಿಸಿ ನೋಡಲು ಆ ಸಂಖ್ಯೆ ಬೇಕಾಗುತ್ತದೆ.